ರೈಟರು ನೋಡಿದ ಕೈ

ನಾಡಿ ನೋಡಲು ಹೆಬ್ಬೆರಳನ್ನು ಬಳಸಬಾರದು. ಹೆಬ್ಬೆರಳಿಗೆ ಅದರದೇ ಮಿಡಿತವಿರುತ್ತದೆ. ಅದನ್ನು ರೋಗಿಯದೆಂದು ತಿಳಿದು, ಸತ್ತವನನ್ನೂ ಬದುಕಿದ್ದಾನೆಂದು ಹೇಳಿಬಿಡುವ ಅಪಾಯವಿದೆ. ಕಂಪೌಂಡರ್ ಪರೀಕ್ಷೆಗೆ ಓದುವಾಗ ನಮಗೆ ಇದನ್ನು ಚೆನ್ನಾಗಿ ತಲೆಗೆ ತುಂಬಿದ್ದರು. ಹೇಳಿಕೊಡದೆ ಬಿಟ್ಟದ್ದು ಒಂದೇ: ನಾಡಿ ನೋಡುವ ಕೆಲಸವನ್ನು ಬೇರೆಯವರಿಗೆ ವಹಿಸುವಾಗ ಯಾವ ಮಾತಿನಲ್ಲಿ ಹೇಳಬೇಕು ಎಂಬುದು. ಅದನ್ನು ನಾನು ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ಒಂದು ಕಾಫಿ ಎಸ್ಟೇಟಿನಲ್ಲಿ, ಕಣದ ಮೇಲೆ ಮಂಡಿಯೂರಿ, ಬೆವರು ಸುರಿಸಿಕೊಂಡು ಕಲಿತೆ.

ಆಗ ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಮೂಡಿಗೆರೆಯ ಡಾಕ್ಟರು ವಾರಕ್ಕೊಮ್ಮೆ ಇದ್ದಿಲ ಗ್ಯಾಸಿನ ಕಾರಿನಲ್ಲಿ ಎಸ್ಟೇಟಿಗೆ ಬರುತ್ತಿದ್ದರು. ಬರುತ್ತಿದ್ದರು ಅನ್ನುವುದಕ್ಕಿಂತ ಕಾರನ್ನು ತಳ್ಳಿಸಿಕೊಂಡು ಬರುತ್ತಿದ್ದರು ಅನ್ನುವುದೇ ಸರಿ. ಉಳಿದ ದಿನ ಡಿಸ್ಪೆನ್ಸರಿ ನನ್ನದು. ಡಾಕ್ಟರು ಇಲ್ಲದಾಗ ಎಲ್ಲರೂ ನನ್ನನ್ನು "ಡಾಕ್ಟ್ರೇ" ಎನ್ನುತ್ತಿದ್ದರು. ಅವರ ಕಾರಿನ ಹೊಗೆ ಕಂಡ ಕೂಡಲೇ ನಾನು ಕಂಪೌಂಡರಾಗಿಬಿಡುತ್ತಿದ್ದೆ. ಬಯಲುಸೀಮೆಯಿಂದ ಬಂದು ಸೇರಿದ ಮೇಲೆ ಒಂದು ಮಳೆಗಾಲ ಕಳೆದಿತ್ತಷ್ಟೆ. ಜಿಗಣೆಗೂ ಚಳಿಜ್ವರಕ್ಕೂ ಹೊಂದಿಕೊಂಡಿದ್ದೆ, ಇಲ್ಲಿಯ ಮಾತಿಗೆ ಇನ್ನೂ ಪೂರ್ತಿ ಹೊಂದಿಕೊಂಡಿರಲಿಲ್ಲ.

ಎಸ್ಟೇಟಿನ ಆಳುಗಳ ಮೇಸ್ತ್ರಿಗೂ ನನಗೂ ಆಗಿಬರುತ್ತಿರಲಿಲ್ಲ. ಆನೆಯಂಥ ಆಳು. ಇಡೀ ಗ್ಯಾಂಗನ್ನು ಒಂದು ಕೂಗಿಗೆ ಎದ್ದು ನಿಲ್ಲಿಸುತ್ತಿದ್ದ, ಆದರೆ ಕ್ವಿನೈನ್ ಅಂದರೆ ಕಾಲು ನಡುಗುತ್ತಿತ್ತು. ನಾನು ಎದುರಿಗೇ ನಿಂತು ನುಂಗಿಸಿದರೂ ಮಾತ್ರೆಯನ್ನು ದವಡೆಯಲ್ಲಿ ಇಟ್ಟುಕೊಂಡು, ಡಿಸ್ಪೆನ್ಸರಿಯ ಹಿಂದಿನ ಕಾಫಿ ಗಿಡದ ಬುಡಕ್ಕೆ ಉಗಿದು ಹೋಗುತ್ತಿದ್ದ. ಆ ಗಿಡಕ್ಕೆ ಜನ್ಮದಲ್ಲಿ ಮಲೇರಿಯ ಬರುವಂತಿರಲಿಲ್ಲ. ಅವನಿಗೆ ಮಾತ್ರ ತಿಂಗಳಿಗೊಮ್ಮೆ ಬರುತ್ತಿತ್ತು. ಅವನ ಹೆಂಡತಿ ಪಲ್ಪಿಂಗ್ ಮನೆಯಲ್ಲಿ ಹಣ್ಣು ಆರಿಸುವ ಕೆಲಸದವಳು, ಮಾತು ಕಡಿಮೆ. ಗಂಡನನ್ನು ನನ್ನ ಬಳಿಗೆ ಎಳೆದು ತರುತ್ತಿದ್ದವಳು ಅವಳೇ.

ಆ ದಿನ ಕೊಯ್ಲು ಜೋರಾಗಿ ನಡೆದಿತ್ತು. ಕೊಯ್ದ ಹಣ್ಣನ್ನು ಅವತ್ತೇ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಬೇಕು, ಇಲ್ಲದಿದ್ದರೆ ರಾಶಿಯಲ್ಲೇ ಕಾವು ಹಿಡಿದು ಕೆಡುತ್ತದೆ. ಅದಕ್ಕೆ ನೀರು ಬೇಕು. ನೀರು ಬರುವುದು ಮೇಲಿನ ಟ್ಯಾಂಕಿನಿಂದ. ಮಧ್ಯಾಹ್ನ ಊಟದ ಹೊತ್ತು ಕಳೆಯುತ್ತಿದ್ದಂತೆ ನೀರು ನಿಂತುಹೋಯಿತು. ಟ್ಯಾಂಕಿನ ತಳದ ಪೈಪಿನ ಬಾಯಿಗೆ ಎಲೆಕಸ ಕಟ್ಟಿಕೊಂಡಿತ್ತು. ಉದ್ದನೆಯ ಬಿದಿರು ತಂದು ಬಿಡಿಸುವುದು ರೂಢಿ. ಮೇಸ್ತ್ರಿ ಬಿದಿರಿಗೆ ಕಾಯಲಿಲ್ಲ. ಅಂಗಿ ಬಿಚ್ಚಿ, "ಒಂದು ಮುಳುಗು ಸಾಕು" ಎಂದು ಧುಮುಕಿದವನು ಮೇಲೆ ಬರಲಿಲ್ಲ. ಪೈಪಿನೊಳಗೆ ತೋಳು ತೂರಿಸಿ ಸಿಕ್ಕಿಹಾಕಿಕೊಂಡಿದ್ದ.

ನಾನು ಡಿಸ್ಪೆನ್ಸರಿಯಲ್ಲಿ ಕೆಮ್ಮಿನ ಮಿಕ್ಸ್ಚರ್ ಬೆರೆಸುತ್ತಿದ್ದೆ. ಕೂಗು ಕೇಳಿ ಚೀಲ ಎತ್ತಿಕೊಂಡು ಇಳಿಜಾರಿನಲ್ಲಿ ಓಡಿ ಬರುವಷ್ಟರಲ್ಲಿ ಅವನನ್ನು ಎಳೆದು ತಂದು, ಸಿಪ್ಪೆ ಬಿಡಿಸಿ ತೊಳೆದು ಕಣದಲ್ಲಿ ಒಣಗಲು ಹರಡಿದ್ದ ಪಾರ್ಚ್‌ಮೆಂಟ್ ಕಾಫಿಯ ಮೇಲೇ ಮಲಗಿಸಿದ್ದರು. ತುಟಿ ನೀಲಿ, ಕಣ್ಣು ಅರೆತೆರೆದಿತ್ತು. ಸುತ್ತ ನಿಂತವರಲ್ಲಿ ವೈದ್ಯರಲ್ಲದವರು ಒಬ್ಬರೂ ಇರಲಿಲ್ಲ. ಒಬ್ಬರು ತಲೆಕೆಳಗೆ ಹಿಡಿದು ಗಿರಗಿರನೆ ತಿರುಗಿಸಬೇಕೆಂದರು. ಇನ್ನೊಬ್ಬರು ಪೀಪಾಯಿಯ ಮೇಲೆ ಬೋರಲು ಹಾಕಿ ಉರುಳಿಸಬೇಕೆಂದರು, ಪೀಪಾಯಿಯನ್ನೂ ತಂದಿದ್ದರು. ಆ ಗಾತ್ರದ ಆಳನ್ನು ಯಾರು ತಿರುಗಿಸುವುದು ಎಂಬ ಒಂದೇ ಕಾರಣದಿಂದ ಮೊದಲನೆಯ ಚಿಕಿತ್ಸೆ ತಪ್ಪಿತು.

"ಪಲ್ಪರ್ ನಿಲ್ಲಿಸಿ! ಎಲ್ಲರೂ ಆಚೆ ಸರೀರಿ, ಗಾಳಿ ಬರ್ಲಿ!" ಎಂದು ಕೂಗಿದೆ. ಪಲ್ಪರ್ ಆಗಲೇ ನಿಂತಿತ್ತು. ಜನ ಒಂದು ಹೆಜ್ಜೆ ಹಿಂದೆ ಹೋಗಿ ಎರಡು ಹೆಜ್ಜೆ ಮುಂದೆ ಬಂದರು.

ಮೊದಲು ಬಾಯಿ. ಬೆರಳು ಹಾಕಿ ಗೋರಿದೆ. ಎಲೆಚೂರು, ಕಾಫಿ ಸಿಪ್ಪೆ, ದವಡೆಯಲ್ಲಿ ಒತ್ತಿಟ್ಟ ಎಲೆಅಡಿಕೆಯ ಉಂಡೆ, ಎಲ್ಲ ಬಂತು. ಕ್ವಿನೈನ್ ಮಾತ್ರೆಯೊಂದು ಬಂದಿದ್ದರೂ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ನಾಲಗೆ ಮುಂದಕ್ಕೆ ಎಳೆದೆ. ಪಕ್ಕದಲ್ಲಿ ನಿಂತಿದ್ದ ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ ಮೂಗಿನ ಮೇಲಿಂದ ಕನ್ನಡಕ ಕಿತ್ತು ಮೇಸ್ತ್ರಿಯ ಮೂಗಿಗೆ ಹಿಡಿದೆ. ಗಾಜು ಮಂಜಾಗಲಿಲ್ಲ. ಉಸಿರಿಲ್ಲ. ಮುಂಗೈಗೆ ಮೂರು ಬೆರಳು ಇಟ್ಟೆ. ಏನೋ ತಟ್ಟಿದಂತಾಯಿತು, ತಟ್ಟದಂತೆಯೂ ಆಯಿತು. ಓಡಿ ಬಂದ ನನ್ನ ಬೆರಳ ತುದಿಯಲ್ಲೇ ಡೋಲು ಬಾರಿಸುತ್ತಿತ್ತು. ಅನುಮಾನದಲ್ಲಿ ಕೂತರೆ ಆಗುವುದಿಲ್ಲ. ಕನ್ನಡಕ ವಾಪಸು ಕೊಟ್ಟು, ಅವನನ್ನು ಗಟ್ಟಿ ನೆಲಕ್ಕೆ ಎಳೆಸಿ ಬೋರಲು ಹಾಕಿದೆ.

ಆಗಿನ ಪದ್ಧತಿ ಹೀಗಿತ್ತು. ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಕೈ ಮುಂದಕ್ಕೆ ಚಾಚಿಸಬೇಕು. ನಾವು ಅವನ ಸೊಂಟದ ಬಳಿ ಮಂಡಿಯೂರಿ, ಬೆನ್ನಿನ ಕೆಳಗಿನ ಪಕ್ಕೆಲುಬುಗಳ ಮೇಲೆ ಅಂಗೈ ಹರಡಿ, ಮೊಣಕೈ ಮಡಿಸದೆ ಮೈಭಾರವನ್ನು ಮೆಲ್ಲನೆ ಮುಂದಕ್ಕೆ ಬಿಡಬೇಕು. ಒಳಗಿನ ಗಾಳಿ, ನೀರು ಹೊರಗೆ ಬರುತ್ತದೆ. ಹಿಂದಕ್ಕೆ ವಾಲಿದರೆ ಎದೆ ತಾನಾಗಿ ಹಿಗ್ಗಿ ಗಾಳಿ ಎಳೆದುಕೊಳ್ಳುತ್ತದೆ. ನಾವು ನಿಧಾನವಾಗಿ ಉಸಿರಾಡುವ ಲಯದಲ್ಲೇ ಒತ್ತಬೇಕು. ಕಷ್ಟವೆಂದರೆ, ಓಡಿ ಬಂದವನ ಉಸಿರು ನಿಧಾನವಾಗಿರುವುದಿಲ್ಲ. ಹಲ್ಲು ಕಚ್ಚಿ ನನ್ನ ಉಸಿರನ್ನು ಹಿಡಿತಕ್ಕೆ ತಂದುಕೊಂಡೆ. ಮೂರನೆಯದೋ ನಾಲ್ಕನೆಯದೋ ಒತ್ತಿಗೆ ಅವನ ಬಾಯಿಂದ ಟ್ಯಾಂಕಿನ ನೀರು ಸುರಿಯಿತು.

ಒತ್ತುತ್ತಿರುವವನು ನಾಡಿ ನೋಡಲಾರ. ನಾಡಿ ಇದ್ದರೆ ಉಸಿರು ಬರುವ ಭರವಸೆಯುಂಟು, ಅದೂ ಇಲ್ಲದಿದ್ದರೆ ಒತ್ತುವುದು ಬೆನ್ನು ತಿಕ್ಕಿದಂತೆ. ಯಾರಾದರೂ ಮುಂಗೈ ಹಿಡಿದು ಕೂರಲೇಬೇಕು. ಒಬ್ಬ ಆಳನ್ನು ಡಾಕ್ಟರನ್ನು ಕರೆತರಲು ಓಡಿಸಿದೆ. ಉಳಿದವರಲ್ಲಿ ಓದು ಬರಹ ಬಲ್ಲವರು, ತಲೆ ನೆಟ್ಟಗಿದ್ದವರು ಎಂದರೆ ರೈಟರೇ. ನಮ್ಮೂರಿನಲ್ಲಿ ಪಂಡಿತರು ನಾಡಿ ನೋಡುವುದಕ್ಕೆ ಕೈ ನೋಡುವುದು ಎಂದೇ ಹೇಳುವುದು.

"ರೈಟ್ರೇ, ನೀವು ಇವನ ಕೈ ನೋಡ್ತಾ ಇರಿ," ಎಂದೆ.

"ಈಗ್ಲಾ?" ಎಂದರು ರೈಟರು.

"ಈಗ್ಲೇ. ಬಿಡ್ಲೇಬೇಡಿ. ಜೀವ ಇದ್ಯೋ ಇಲ್ವೋ ಹೇಳಿ."

"ಗಂಡಸ್ರದ್ದು ಬಲಗೈ ಅಲ್ವಾ?"

"ಹ್ಞೂಂ, ಬಲಗೈ." ಪರವಾಗಿಲ್ಲ, ತಿಳಿದವರು ಅಂದುಕೊಂಡೆ.

ರೈಟರು ಬಲಗೈ ಹಿಡಿದುಕೊಂಡು, ಬೆನ್ನು ನನ್ನ ಕಡೆ ಮಾಡಿ ಬಿಸಿಲಿಗೆ ಮುಖವಾಗಿ ಕುಳಿತರು. "ಇಲ್ಲಿ ನೆರಳು ಬೀಳ್ತದೆ, ಸ್ವಲ್ಪ ಸರೀರಿ" ಎಂದು ಯಾರಿಗೋ ಗದರಿದರು. ನಾಡಿ ನೋಡಲು ಬಿಸಿಲು ಯಾಕೆ ಬೇಕು ಎಂದು ಆಗಲೇ ಹೊಳೆಯಬೇಕಿತ್ತು. ನನ್ನ ಗಮನವೆಲ್ಲ ಪಕ್ಕೆಲುಬಿನ ಮೇಲಿತ್ತು. ಮೇಸ್ತ್ರಿಯ ಹೆಂಡತಿ ಅವರೆದುರಿಗೆ, ಗಂಡನ ತಲೆಯ ಹತ್ತಿರ, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅಳುತ್ತಿರಲಿಲ್ಲ.

"ಹೇಗಿದೆ?" ಎಂದೆ, ಒತ್ತುತ್ತ.

"ಶುರುವಲ್ಲಿ ಸ್ವಲ್ಪ ತೆಳು," ಎಂದರು ರೈಟರು. "ಆದ್ರೆ ಕಡಿದಿಲ್ಲ."

ನನಗೆ ಹೋದ ಜೀವ ಬಂದಂತಾಯಿತು. ತೆಳುವಾದರೇನು, ಕಡಿಯದಿದ್ದರೆ ಸಾಕು. ಮೈ ಮಂಜುಗಡ್ಡೆಯಂತೆ ತಣ್ಣಗಿತ್ತು. ಬಿಸಿನೀರಿನ ಬಾಟಲಿ ತರಲು ಡಿಸ್ಪೆನ್ಸರಿಗೆ ಹತ್ತಿ ಇಳಿಯುವಷ್ಟು ಹೊತ್ತಿರಲಿಲ್ಲ. ಕಣದ ಮೇಲಿನ ಪಾರ್ಚ್‌ಮೆಂಟ್ ಬಿಸಿಲಿಗೆ ಚೆನ್ನಾಗಿ ಕಾದಿತ್ತು. ಅದನ್ನು ಗೋಣಿಚೀಲಗಳಿಗೆ ತುಂಬಿಸಿ ಅವನ ಕಾಲಿಗೂ ತೊಡೆಗೂ ಒತ್ತಿ ಇಡಿಸಿದೆ. ಆರಿದಂತೆ ಚೀಲ ಬದಲಿಸುವುದು ಅವನ ಹೆಂಡತಿಯ ಕೆಲಸವಾಯಿತು.

ಅಷ್ಟರಲ್ಲಿ ಸಾಹುಕಾರರು ಬಂದರು. ಎಸ್ಟೇಟಿನ ಯಜಮಾನರು, ತೂಕದ ಮನುಷ್ಯರು, ಮೈಯಲ್ಲೂ ಮಾತಲ್ಲೂ. ತಮ್ಮ ಮೊದಲ ದರ್ಜೆಯ ಪಾರ್ಚ್‌ಮೆಂಟ್ ಮೇಸ್ತ್ರಿಯ ತೊಡೆಗೆ ಶಾಖ ಕೊಡುತ್ತಿರುವುದನ್ನು ನೋಡಿ ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡರು.

"ಜೀವ ಇದ್ಯೇನ್ರೀ?"

"ಇದೆ ಸಾವ್ಕಾರ್ರೇ," ಎಂದರು ರೈಟರು, ತಲೆ ಎತ್ತದೆ. "ಗಟ್ಟಿ ಇದೆ."

ನಾನು ಒತ್ತಿದೆ. ಬಿಟ್ಟೆ. ಒತ್ತಿದೆ. ಬಿಟ್ಟೆ. ಬಿಸಿಲು ಕಣದ ಅಂಚಿಗೆ ಸರಿಯಿತು. ನನ್ನ ಮಂಡಿಯ ಚರ್ಮ ಸುಲಿಯಿತು, ತೋಳು ಮರಗಟ್ಟಿತು. ಮೇಸ್ತ್ರಿ ಮಾತ್ರ ಮರದ ದಿಮ್ಮಿಯಂತೆ ಬಿದ್ದಿದ್ದ. ಹಿಂದಿನ ಸಾಲಿನಲ್ಲಿ ಹೆಂಗಸರು ಸಣ್ಣಗೆ ಅಳಲು ತೊಡಗಿದರು. ಸಾಹುಕಾರರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಸಾಕು ಬಿಡಿ ಡಾಕ್ಟ್ರೇ. ಎಷ್ಟು ಹೊತ್ತಾಯ್ತು, ಒಂದು ಉಸ್ರೂ ಇಲ್ಲ. ಹೋದವನ ಬೆನ್ನು ಮುರೀಬಾರ್ದು."

ಹಣ್ಣಿನ ರಾಶಿ ಅವರ ತಲೆಯಲ್ಲಿ ಇದ್ದದ್ದು ನಿಜ, ಆದರೆ ದುಃಖವೂ ನಿಜವೇ. ನನ್ನ ಕೈ ತಾನಾಗಿ ನಿಧಾನವಾಯಿತು. ಆಗ ಮೇಸ್ತ್ರಿಯ ಹೆಂಡತಿ ಮೊದಲ ಸಲ ಬಾಯಿ ತೆರೆದಳು.

"ರೈಟ್ರು ಕೈ ನೋಡಿ ಇದೆ ಅಂತಿದ್ದಾರಲ್ಲ. ನಿಲ್ಲಿಸ್ಬೇಡಿ ಡಾಕ್ಟ್ರೇ."

"ರೈಟ್ರೇ, ಇದ್ಯಾ?" ಎಂದೆ.

"ಇದೆ ಇದೆ. ಎಲ್ಲಿ ಹೋಗ್ತದೆ?"

ಹಾಗಾದರೆ ನಿಲ್ಲಿಸುವ ಮಾತೇ ಇಲ್ಲ. ನಾಡಿ ಇರುವವನನ್ನು ಬಿಟ್ಟರೆ ಅದು ಕೊಲೆ. ಮತ್ತೆ ಒತ್ತಲು ಶುರುಮಾಡಿದೆ. ಅವಳು ಖಾಲಿ ಚೀಲ ಹಿಡಿದುಕೊಂಡು ಬಿಸಿ ಪಾರ್ಚ್‌ಮೆಂಟ್ ತುಂಬಲು ಕಣದ ಆ ತುದಿಗೆ ಹೋದಳು. ನನಗೆ ಸ್ವಲ್ಪ ಹುರುಪು ಬಂದು, "ಎಷ್ಟಿದೆ ರೈಟ್ರೇ?" ಎಂದು ಕೇಳಿದೆ.

ರೈಟರು ಸ್ವಲ್ಪ ಲೆಕ್ಕ ಹಾಕಿ ಹೇಳಿದರು: "ಎಪ್ಪತ್ತೆರಡು."

ಎಪ್ಪತ್ತೆರಡು! ಊಟ ಮಾಡಿ ಜಗಲಿಯಲ್ಲಿ ಕೂತ ಆರೋಗ್ಯವಂತನ ನಾಡಿ ನಿಮಿಷಕ್ಕೆ ಎಪ್ಪತ್ತೆರಡು. ನೀರಿನಿಂದ ಎಳೆದು ಹಾಕಿದವನಿಗೆ ಎಪ್ಪತ್ತೆರಡು ಅಂದರೆ ನನ್ನ ಕೈಗುಣ ಎಂಥದ್ದು! ಡಾಕ್ಟರು ಬಂದಾಗ ಇದನ್ನು ಹೇಗೆ ಹೇಳಬೇಕು ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸಲು ಶುರುಮಾಡಿದೆ. ಜೋಡಿಸುತ್ತಿದ್ದಂತೆ, ರೈಟರ ಹತ್ತಿರ ಗಡಿಯಾರವೇ ಇಲ್ಲವೆಂಬುದು ನೆನಪಾಯಿತು.

"ವಾಚಿಲ್ದೆ ಹೇಗೆ ಎಣಿಸಿದ್ರಿ?"

"ಇದಕ್ಕೆ ವಾಚ್ ಎಂತಕ್ಕೆ ಮಾರಾಯ್ರೇ?" ಎಂದರು ರೈಟರು. "ಎಪ್ಪತ್ತೆರಡು ಖಂಡಿತ. ಶುಕ್ರ ಪರ್ವತ ಚೆನ್ನಾಗಿದೆ, ಎಪ್ಪತ್ತೈದಕ್ಕೂ ಹೋಗ್ಬಹುದು."

"ಎಪ್ಪತ್ತೆರಡು ಏನು?"

"ವರ್ಷ! ಇನ್ನೇನು? ಆಯುಷ್ಯ ರೇಖೆ ನೋಡಿ, ಹೇಗೆ ಬುಡದ ತನಕ ಬಂದಿದೆ."

ಅವರು ನನ್ನ ಕಡೆ ತಿರುಗಿ, ಮೇಸ್ತ್ರಿಯ ಅಂಗೈಯನ್ನು ಬಿಡಿಸಿ ತೋರಿಸಿದರು.

ನಾನು ಒತ್ತುವುದನ್ನು ನಿಲ್ಲಿಸುವಂತಿರಲಿಲ್ಲ, ಬೈಯದೆ ಇರುವಂತೆಯೂ ಇರಲಿಲ್ಲ. ಆದ್ದರಿಂದ ಒಂದೊಂದು ಒತ್ತಿಗೆ ಒಂದೊಂದು ಮಾತಿನಂತೆ ಬೈದೆ. "ನಾನು... ನೋಡಿ ಅಂದದ್ದು... ನಾಡಿ... ರೈಟ್ರೇ!"

ರೈಟರ ಮುಖ ಸುಣ್ಣವಾಯಿತು. "ಕೈ ನೋಡಿ ಅಂದ್ರಿ, ನೋಡ್ದೆ. ಈ ಎಸ್ಟೇಟಲ್ಲಿ ಕೈ ನೋಡೋದು ಅಂದ್ರೆ ಇದೇ ಅಲ್ವಾ? ಭಾನುವಾರ ಎಲ್ರಿಗೂ ನೋಡ್ತೀನಿ."

ಎಲ್ಲರಿಗೂ ಅಂದರೆ ನನ್ನೊಬ್ಬನನ್ನು ಬಿಟ್ಟು. ಭಾನುವಾರ ನಾನು ಬಟ್ಟೆ ಒಗೆಯುತ್ತಿದ್ದೆ.

ಆವತ್ತು ಆ ಕಣದ ಮೇಲೆ ನನಗಾದ ಭಯ ಇನ್ನೊಮ್ಮೆ ಆಗಿಲ್ಲ. ಇಷ್ಟು ಹೊತ್ತು ನಾನು ಬದುಕಿದವನ ಮೇಲೆ ಕೂತಿದ್ದೆನೋ ಹೆಣದ ಮೇಲೆ ಕೂತಿದ್ದೆನೋ ಯಾರಿಗೂ ಗೊತ್ತಿಲ್ಲ. ನಾನೇ ನಾಡಿ ನೋಡಬೇಕು. ಹಾಗಾದರೆ ಒತ್ತುವವರು ಬೇರೆ ಬೇಕು. ರೈಟರ ಮೈಭಾರಕ್ಕೆ ಕಾಫಿ ಚೀಲವೂ ಕದಲುವುದಿಲ್ಲ. ಆಳುಗಳನ್ನು ಕರೆದರೆ, ಹೆಣ ಮುಟ್ಟಲಾರೆವೆಂದು ಹಿಂದಕ್ಕೆ ಸರಿದರು. ನಾನು ಸಾಹುಕಾರರ ಕಡೆ ನೋಡಿದೆ.

"ಸಾವ್ಕಾರ್ರೇ, ಕೋಟು ಬಿಚ್ಚಿ. ಇಲ್ಲಿ ಮಂಡಿಯೂರಿ."

ಅವರಿಗೆ ಯಾರೂ ಯಾವತ್ತೂ ಹಾಗೆ ಹೇಳಿರಲಾರರು. ಆದರೂ ಕೋಟನ್ನು ರೈಟರ ಕೈಗೆ ಎಸೆದು, ಪಂಚೆ ಮೇಲಕ್ಕೆ ಕಟ್ಟಿ, ತಮ್ಮ ಮೇಸ್ತ್ರಿಯ ಪಕ್ಕದಲ್ಲಿ ಮಂಡಿಯೂರಿದರು. ಮೊದಲ ಒತ್ತಿಗೆ ಪಕ್ಕೆಲುಬು ಲಟಕ್ಕೆಂದಿತು. "ಮೆಲ್ಲಗೆ! ಹಿಟ್ಟು ನಾದಿದಂಗೆ! ಈಗ ಬಿಡಿ," ಎಂದೆ. ಸಾಹುಕಾರರು ಹಿಟ್ಟು ನಾದಿದವರೇ ಅಲ್ಲ, ಆದರೂ ಬೇಗ ಹಿಡಿದುಕೊಂಡರು.

ಮುಂಗೈಯಲ್ಲಿ ಏನೂ ಸಿಗಲಿಲ್ಲ. ಅಂಥ ತಣ್ಣನೆಯ ಕೈಯಲ್ಲಿ ಸಿಗುವುದೂ ಕಷ್ಟ. ಬೆರಳನ್ನು ಕಂಕುಳಲ್ಲಿ ಬಿಸಿ ಮಾಡಿಕೊಂಡು ಅವನ ಗಂಟಲ ಪಕ್ಕಕ್ಕೆ, ದವಡೆಯ ಕೆಳಗಿನ ತಗ್ಗಿಗೆ ಒತ್ತಿದೆ. ಮಿಡಿಯಿತು! ಬೇಗ ಬೇಗ, ಸ್ಪಷ್ಟವಾಗಿ. ಕೂಗಿಬಿಡುವವನಿದ್ದೆ. ಪರೀಕ್ಷೆಗೆ ಓದಿದ್ದು ತಡೆಯಿತು. ಎಡಗೈಯನ್ನು ನನ್ನ ಸ್ವಂತ ಗಂಟಲಿಗೆ ಇಟ್ಟು ನೋಡಿದೆ. ಎರಡೂ ಒಂದೇ ತಾಳದಲ್ಲಿ ಕುಣಿಯುತ್ತಿದ್ದವು. ಅವನ ಗಂಟಲಲ್ಲಿ ನಾನು ಹಿಡಿದದ್ದು ನನ್ನದೇ ನಾಡಿ.

ಅಷ್ಟರಲ್ಲಿ ಮೇಸ್ತ್ರಿಯ ಹೆಂಡತಿ ಚೀಲ ಹೊತ್ತು ಬಂದಳು. ನನ್ನ ಒಂದು ಕೈ ಗಂಡನ ಕುತ್ತಿಗೆಯಲ್ಲಿ, ಇನ್ನೊಂದು ನನ್ನ ಕುತ್ತಿಗೆಯಲ್ಲಿ ಇದ್ದದ್ದನ್ನು ನೋಡಿದಳು.

"ಇದ್ಯಾ ಡಾಕ್ಟ್ರೇ?"

ರೈಟರು ನೆಲ ನೋಡಿದರು. ಸಾಹುಕಾರರು ಒತ್ತುತ್ತಲೇ ನನ್ನ ಮುಖ ನೋಡಿದರು. ಇಲ್ಲ ಎನ್ನಲು ಒಂದೇ ಉಸಿರು ಸಾಕಿತ್ತು, ಅವರ ಮಂಡಿಗೂ ವಿಶ್ರಾಂತಿ ಸಿಗುತ್ತಿತ್ತು. ಆದರೆ ಇಲ್ಲ ಎನ್ನಲು ನನಗೇನು ಗೊತ್ತಿತ್ತು? ಸಿಕ್ಕಲಿಲ್ಲ ಎನ್ನುವುದು ಬೇರೆ, ಇಲ್ಲ ಎನ್ನುವುದು ಬೇರೆ. ಡಾಕ್ಟರು ಬಂದು ಅವರ ಬಾಯಲ್ಲೇ ಹೇಳುವ ತನಕ ನಿಲ್ಲಿಸುವುದಿಲ್ಲ ಎಂದು ಆಗ ನಿಶ್ಚಯಿಸಿದೆ.

"ಇದೆ," ಎಂದೆ.

ಅವಳು ಚೀಲ ಬದಲಿಸಿದಳು. ನಾನು ಮತ್ತೆ ಎರಡೂ ಗಂಟಲಿಗೆ ಬೆರಳಿಟ್ಟು ಕಣ್ಣು ಮುಚ್ಚಿದೆ. ನನ್ನ ನಾಡಿ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಬಲಗೈಯ ಬೆರಳನ್ನು ಹಗುರ ಮಾಡಿದೆ. ನನ್ನದು ತಟ್ಟುತ್ತಿತ್ತು, ತಟ್ಟುತ್ತಿತ್ತು. ನಡುವೆ ಒಂದು ಕಡೆ, ನನ್ನ ತಾಳಕ್ಕೆ ಸೇರದೆ, ಒಳಗಿನಿಂದ ಯಾರೋ ಬಾಗಿಲು ದೂಡಿದಂತೆ ಒಂದು ಮಿಡಿತ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮತ್ತೆ ಒಂದು. ಅದು ನನ್ನದಲ್ಲ.

"ಒತ್ತಿ ಸಾವ್ಕಾರ್ರೇ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಇದ್ದಾನೆ. ಒತ್ತಿ."

ಅವರು ಒತ್ತಿದರು. ಕನ್ನಡಕ ಹಿಡಿದರೆ ಈಗಲೂ ಮಂಜಿಲ್ಲ. ಮತ್ತೆ ಒತ್ತಿದರು. ಕಣದ ಮೇಲಿನ ಬಿಸಿಲು ಹೋಗಿ, ಚೀಲದ ಪಾರ್ಚ್‌ಮೆಂಟೂ ತಣ್ಣಗಾಗತೊಡಗಿದ ಹೊತ್ತಿಗೆ ಮೇಸ್ತ್ರಿಯ ಗಂಟಲಿಂದ ಕೆಟ್ಟ ಸದ್ದೊಂದು ಬಂತು. ಬಿಕ್ಕಳಿಕೆಯೋ ಗೊರಕೆಯೋ ಹೇಳಲಾರೆ. ಅದಕ್ಕಿಂತ ಇಂಪಾದ ಸದ್ದನ್ನು ನಾನು ಕೇಳಿಲ್ಲ. ಎದೆ ತಾನಾಗಿ ಎದ್ದಿತು. ಕೆಮ್ಮಿದ, ವಾಂತಿ ಮಾಡಿದ, ಮತ್ತೆ ಕೆಮ್ಮಿದ. ರೈಟರು ಸಾಹುಕಾರರ ಕೋಟಿನಲ್ಲೇ ಕಣ್ಣೊರೆಸಿಕೊಂಡರು.

ಸಾಹುಕಾರರಿಗೆ ಸಾಕು ಎಂದು ಹೇಳಲು ನಾನು ಮರೆತಿದ್ದೆ. ಅವರು ಮೈಮರೆತು ಒತ್ತುತ್ತಲೇ ಇದ್ದರು. ಮೇಸ್ತ್ರಿ ನಿಧಾನವಾಗಿ ಕಣ್ಣು ಬಿಟ್ಟು, ತನ್ನ ಬೆನ್ನ ಮೇಲೆ ಕೈಯೂರಿ ಬೆವರುತ್ತಿದ್ದ ಯಜಮಾನರನ್ನು ಓರೆಗಣ್ಣಿನಲ್ಲಿ ನೋಡಿ, ಕೀರಲು ದನಿಯಲ್ಲಿ ಹೇಳಿದ:

"ಹೊಡೀಬೇಡಿ ಸಾವ್ಕಾರ್ರೇ... ಪೈಪು ಬಿಡಿಸ್ತೀನಿ."

ಸಾಹುಕಾರರು ಹಾಗೇ ಹಿಂದಕ್ಕೆ ಕುಸಿದು ಕೂತು ನಕ್ಕರು. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಡಾಕ್ಟರ ಕಾರು ಹೊಗೆ ಬಿಡುತ್ತ ತಲುಪಿದಾಗ ಮೇಸ್ತ್ರಿ ಕಂಬಳಿ ಹೊದ್ದು ಕಾಫಿ ಕುಡಿಯುತ್ತಿದ್ದ. ಡಾಕ್ಟರು ಎದೆ ಬೆನ್ನು ಎಲ್ಲ ನೋಡಿ, ಇಂಜೆಕ್ಷನ್ ಕೊಟ್ಟು, ಬಿರುಕು ಬಿಟ್ಟ ಒಂದು ಪಕ್ಕೆಲುಬಿಗೆ ಪಟ್ಟಿ ಕಟ್ಟಿದರು. ಆಮೇಲೆ, "ಇಷ್ಟು ಹೊತ್ತು ಬಿಡದೆ ಮಾಡಿದ್ದು ದೊಡ್ಡದು. ಪಲ್ಸ್ ಯಾರು ನೋಡ್ತಿದ್ದದ್ದು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಎಲ್ಲರೂ ರೈಟರನ್ನು ತೋರಿಸಿದರು. ಡಾಕ್ಟರು ಹೋಗಿ ಅವರ ಕೈ ಕುಲುಕಿದರು. ನಾನಾಗಲೇ ಕಂಪೌಂಡರಾಗಿಬಿಟ್ಟಿದ್ದೆ.

ಮುಂದಿನ ಭಾನುವಾರ ರೈಟರ ಮನೆಯ ಮುಂದೆ ಎಂದಿಗಿಂತ ಉದ್ದದ ಸಾಲು. ಡಿಸ್ಪೆನ್ಸರಿಗೆ ಬಂದವಳು ಮೇಸ್ತ್ರಿಯ ಹೆಂಡತಿ ಒಬ್ಬಳೇ, ಗಂಡನ ಕ್ವಿನೈನ್ ಒಯ್ಯಲು. ಮಾತ್ರೆ ಕಟ್ಟಿ ಕೊಡುತ್ತ, ಮನಸ್ಸಿನಲ್ಲಿದ್ದ ಹೊಟ್ಟೆಕಿಚ್ಚನ್ನು ತಡೆಯಲಾರದೆ ಹೇಳಿಬಿಟ್ಟೆ.

"ನೋಡಮ್ಮ, ರೈಟ್ರು ಅವತ್ತು ನಾಡಿ ನೋಡ್ಲೇ ಇಲ್ಲ. ಅಂಗೈ ರೇಖೆ ನೋಡ್ತಾ ಕೂತಿದ್ರು."

"ಗೊತ್ತುಂಟು," ಎಂದಳು. "ನಾನು ಎದುರಿಗೇ ಕೂತಿದ್ನಲ್ಲ. ಅಂಗೈ ಬಿಡಿಸಿ ಹಿಡ್ಕೊಂಡಿದ್ದು ಕಾಣ್ತಿತ್ತು."

ನನಗೆ ಅರ್ಥವಾಗಲಿಲ್ಲ. "ಮತ್ತೆ ಸಾವ್ಕಾರ್ರು ಸಾಕು ಅಂದಾಗ, ರೈಟ್ರು ಕೈ ನೋಡಿ ಇದೆ ಅಂತಿದ್ದಾರೆ ಅಂದ್ಯಲ್ಲ! ಅವರು ನೋಡ್ತಿರೋದು ರೇಖೆ ಅಂತ ಯಾಕೆ ಹೇಳ್ಲಿಲ್ಲ?"

ಅವಳು ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಹೇಳಿದ್ರೆ ನೀವು ಕೈ ಬಿಡ್ತಿದ್ರಿ."

ಸಾಹುಕಾರರು ಸಾಕು ಎಂದಾಗ ನನ್ನ ಕೈ ನಿಧಾನವಾಗಿತ್ತು. ಬಿಡುತ್ತಿದ್ದೆ, ಅದು ನಿಜ.